ಕಿರುಜೀವಿಗಳ ಬಿಂಬ: ಮ್ಯಾಕ್ರೊ ಛಾಯಾಗ್ರಹಣದಲ್ಲಿ ಅಳತೆ, ನೆಲೆ ಮತ್ತು ನೋಟ

೧

ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಗಟ್ಟಿಯಾದ ಪರಂಪರೆಯೊಂದಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಹಾಗೂ ಟಿ.ಎನ್.ಎ. ಪೆರುಮಾಳ್ ಮೊದಲಾದವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕ್ಷೇತ್ರಕ್ಕೆ ನಾಡಿನ ಹೊರಗೂ ಮನ್ನಣೆ ದೊರಕಿಸಿಕೊಟ್ಟರು. ೧೯೭೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಹವ್ಯಾಸಿಗಳ ಸಂಘಗಳು ಹೊಸ ತಲೆಮಾರಿನವರಿಗೆ ಕಲಿಕೆಯ ತಾಣಗಳಾದವು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕ್ಯಾಮೆರಾ ಕನ್ನಡ ಸಾಹಿತ್ಯದ ಓದುಗರ ಲೋಕಕ್ಕೂ ಪ್ರವೇಶ ಪಡೆಯಿತು. ಆದರೆ ಈ ಪರಂಪರೆಯನ್ನು ಕುರಿತ ನಮ್ಮ ಮಾತುಕತೆ ಬಹುಮಟ್ಟಿಗೆ ಹುಲಿ, ಆನೆ, ಹಕ್ಕಿಗಳ ಸುತ್ತಲೇ ನಡೆದಿದೆ. ಇರುವೆ, ಜೇಡ, ಮಿಡತೆ, ಕಣಜಗಳಂತಹ ಕಿರುಜೀವಿಗಳನ್ನು ಬಯಲಿನಲ್ಲಿಯೇ ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೊ ಛಾಯಾಗ್ರಹಣವು ಇಂದು ಅಸಂಖ್ಯ ಹವ್ಯಾಸಿಗಳನ್ನು ಆಕರ್ಷಿಸಿದ್ದರೂ, ಅದನ್ನು ಕಲಾವಿಮರ್ಶೆಯ ವಸ್ತುವಾಗಿ ನಾವು ಪರಿಗಣಿಸಿರುವುದು ತೀರ ಕಡಿಮೆ. ಒಂದೋ ಅದನ್ನು ಉಪಕರಣದ ಕೌಶಲವೆಂದು ಮೆಚ್ಚಿ ಸುಮ್ಮನಾಗುತ್ತೇವೆ, ಇಲ್ಲವೇ ಕೀಟವಿಜ್ಞಾನದ ದಾಖಲೆಯೆಂದು ವಿಜ್ಞಾನಿಗಳಿಗೆ ಬಿಟ್ಟುಕೊಡುತ್ತೇವೆ.

ಈ ಚಿತ್ರಗಳು ನಮ್ಮನ್ನು ಏಕೆ ಸೆಳೆಯುತ್ತವೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಬರಿಗಣ್ಣಿಗೆ ಕಾಣದುದನ್ನು ಅವು ಕಾಣಿಸುತ್ತವೆ. ಈ ಉತ್ತರ ತಪ್ಪೇನಲ್ಲ, ಆದರೆ ಅಪೂರ್ಣ. ಕಾಣದುದನ್ನು ಕಾಣಿಸುವ ಕೆಲಸವನ್ನು ಸೂಕ್ಷ್ಮದರ್ಶಕವು ಇನ್ನೂ ಸಮರ್ಥವಾಗಿ ಮಾಡುತ್ತದೆ. ಆದರೂ ಪ್ರಯೋಗಾಲಯದ ಗಾಜಿನ ಪಟ್ಟಿಯ ಮೇಲಿನ ಕಾಲಿನ ತುಂಡು ನಮ್ಮಲ್ಲಿ ಹುಟ್ಟಿಸದ ಭಾವವೊಂದನ್ನು ಇಬ್ಬನಿಯಲ್ಲಿ ನೆನೆದು ಹುಲ್ಲಿನ ತುದಿಗೆ ಆತುಕೊಂಡಿರುವ ಏರೋಪ್ಲೇನ್ ಚಿಟ್ಟೆಯ ಚಿತ್ರ ಹುಟ್ಟಿಸುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು ಶೋಧಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂತಹ ಚಿತ್ರದ ಆಕರ್ಷಣೆಯ ಮೂಲ ಕೇವಲ ಹಿಗ್ಗಿಸುವಿಕೆಯಲ್ಲಿಲ್ಲ. ಹಿಗ್ಗಿದ ಮೇಲೂ ಆ ಜೀವಿಯ ಕಿರಿದುತನ, ಅದು ಬದುಕುವ ನೆಲೆ ಮತ್ತು ಅದರ ಜೀವಂತಿಕೆಗಳು ಚಿತ್ರದಲ್ಲಿ ಉಳಿದುಕೊಳ್ಳುವುದರಲ್ಲಿದೆ ಎಂಬುದು ನನ್ನ ವಾದ. ಇವು ಕಳೆದುಹೋದಲ್ಲಿ ಚಿತ್ರ ಬೆರಗು ಹುಟ್ಟಿಸೀತು. ಆದರೆ ಆ ಬೆರಗು ಜೀವಿಯತ್ತ ನಮ್ಮನ್ನು ಒಯ್ಯುವುದಿಲ್ಲ.

೨

ಕಿರುಜೀವಿಗಳನ್ನು ಚಿತ್ರಿಸುವ ಎರಡು ಭಿನ್ನ ಮಾರ್ಗಗಳು ಕ್ಯಾಮೆರಾ ಹುಟ್ಟುವುದಕ್ಕೆ ಬಹಳ ಮೊದಲೇ ಯುರೋಪಿನಲ್ಲಿ ರೂಪುಗೊಂಡಿದ್ದವು. ಇವುಗಳ ಪರಿಚಯವಿಲ್ಲದೆ ಇಂದಿನ ಚಿತ್ರಗಳ ಸ್ವರೂಪವನ್ನು ಅರಿಯುವುದು ಕಷ್ಟ.

ಮೊದಲನೆಯದು ರಾಬರ್ಟ್ ಹುಕ್‌ನ ಮಾರ್ಗ. ೧೬೬೫ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆತನ 'ಮೈಕ್ರೊಗ್ರಾಫಿಯ' ಗ್ರಂಥದಲ್ಲಿ ಚಿಗಟವೊಂದರ ಚಿತ್ರವಿದೆ. ಎರಡು ಮೂರು ಮಿಲಿಮೀಟರ್ ಉದ್ದದ ಆ ಜೀವಿ ಅಲ್ಲಿ ಮಡಿಚಿಟ್ಟ ಹಾಳೆಯನ್ನು ಬಿಡಿಸಿ ನೋಡಬೇಕಾದಷ್ಟು ದೊಡ್ಡದಾಗಿ, ಸುಮಾರು ೪೫ ಸೆಂಟಿಮೀಟರ್ ಅಗಲಕ್ಕೆ ಹರಡಿಕೊಂಡಿದೆ. ಅದರ ಸುತ್ತ ಏನೂ ಇಲ್ಲ. ಬಿಳಿಯ ಹಾಳೆಯ ಮೇಲೆ ಕವಚಧಾರಿಯಾದ ಯೋಧನಂತೆ ಚಿಗಟ ಒಂಟಿಯಾಗಿ ನಿಂತಿದೆ. ಅದು ಯಾರ ಮೈಮೇಲಿತ್ತು, ಹೇಗೆ ಬದುಕುತ್ತಿತ್ತು ಎಂಬುದಕ್ಕೆ ಚಿತ್ರದಲ್ಲಿ ಸೂಚನೆಯಿಲ್ಲ. ಅದೇ ಗ್ರಂಥದಲ್ಲಿ ಇರುವೆಯನ್ನು ಚಿತ್ರಿಸಲು ತಾನು ಪಟ್ಟ ಪಾಡನ್ನೂ ಹುಕ್ ವಿವರಿಸಿದ್ದಾನೆ. ಇರುವೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಾಲುಗಳನ್ನು ಮೇಣದಲ್ಲಿಯೋ ಅಂಟಿನಲ್ಲಿಯೋ ಹೂತರೆ ಮೈಯನ್ನು ತಿರುಚುತ್ತಿತ್ತು. ಕೊನೆಗೆ ಆತ ಅದನ್ನು ಮದ್ಯದಲ್ಲಿ ಮುಳುಗಿಸಿ ಮತ್ತೇರಿಸಿ ಮಲಗಿಸಿದ. ಸುಮಾರು ಒಂದು ಗಂಟೆ ಬಿದ್ದುಕೊಂಡಿದ್ದ ಇರುವೆ ಆಮೇಲೆ ಎಚ್ಚೆತ್ತು ಓಡಿಹೋಯಿತು. ಕಿರುಜೀವಿಯ ಚಲನೆ ಮತ್ತು ನೋಡುವವನ ಬಯಕೆಗಳ ನಡುವಿನ ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

ಎರಡನೆಯದು ಮರಿಯಾ ಸಿಬಿಲ್ಲಾ ಮೇರಿಯಾನಳ ಮಾರ್ಗ. ಜರ್ಮನಿಯಲ್ಲಿ ಹುಟ್ಟಿದ ಈ ಕಲಾವಿದೆ ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ೧೬೯೯ರಲ್ಲಿ, ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಅಲ್ಲಿನ ಕೀಟಗಳನ್ನು ಸುಮಾರು ಎರಡು ವರ್ಷ ಅವಲೋಕಿಸಿ, ೧೭೦೫ರಲ್ಲಿ ಅರವತ್ತು ಚಿತ್ರಫಲಕಗಳ ಗ್ರಂಥವನ್ನು ಪ್ರಕಟಿಸಿದಳು. ಅವಳ ಫಲಕಗಳಲ್ಲಿ ಕೀಟ ಒಂಟಿಯಾಗಿ ನಿಲ್ಲುವುದು ಅಪರೂಪ. ಒಂದು ಗಿಡ, ಅದರ ಎಲೆಯನ್ನು ಮೇಯುತ್ತಿರುವ ಕಂಬಳಿಹುಳು, ರೆಂಬೆಗೆ ಅಂಟಿಕೊಂಡಿರುವ ಕೋಶ, ಅದರಿಂದ ಹೊರಬಂದ ಚಿಟ್ಟೆ, ಇವೆಲ್ಲವೂ ಒಂದೇ ಹಾಳೆಯಲ್ಲಿ ಬಹುಮಟ್ಟಿಗೆ ಸಹಜ ಗಾತ್ರದಲ್ಲಿಯೇ ಇರುತ್ತವೆ. ಕೆಲವು ಫಲಕಗಳಲ್ಲಿ ಗಿಡ ಮತ್ತು ಹುಳುವಿನ ಜೋಡಣೆ ತಪ್ಪಿರುವುದನ್ನು ನಂತರದ ವಿದ್ವಾಂಸರು ತೋರಿಸಿದ್ದಾರೆ. ಆದರೆ ಜೀವಿಯೊಂದರ ಅರ್ಥ ಅದರ ಮೈಯಲ್ಲಷ್ಟೇ ಇಲ್ಲ, ಅದು ಉಣ್ಣುವ ಎಲೆಯಲ್ಲಿಯೂ ಅದು ಹಾದುಬರುವ ಅವಸ್ಥೆಗಳಲ್ಲಿಯೂ ಇದೆ ಎಂಬ ಅವಳ ತಿಳಿವಳಿಕೆ ಆ ತಪ್ಪುಗಳಿಂದ ಸುಳ್ಳಾಗುವುದಿಲ್ಲ.

ಹುಕ್‌ನ ಚಿತ್ರ ರಚನೆಯನ್ನು ತೋರಿಸುತ್ತದೆ, ಮೇರಿಯಾನಳ ಚಿತ್ರ ಬದುಕನ್ನು ತೋರಿಸುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಎರಡಕ್ಕೂ ಅವುಗಳದೇ ಆದ ಮಹತ್ವವಿದೆ. ಬಯಲಿನಲ್ಲಿ ತೆಗೆದ ಮ್ಯಾಕ್ರೊ ಛಾಯಾಚಿತ್ರದ ವೈಶಿಷ್ಟ್ಯವೆಂದರೆ ಅದು ಈ ಎರಡೂ ಮಾರ್ಗಗಳ ವಾರಸುದಾರನಾಗಿರುವುದು. ಅದರ ಮಸೂರ ಹುಕ್‌ನದು. ಅದು ನಿಲ್ಲಬೇಕಾದ ನೆಲ ಮೇರಿಯಾನಳದು.

೩

ಈ ಮಾತನ್ನು ಸ್ಪಷ್ಟಪಡಿಸಲು ಉಪಕರಣದ ಸ್ವಭಾವವನ್ನು ಸ್ವಲ್ಪ ಗಮನಿಸಬೇಕಾಗುತ್ತದೆ. ಸೆನ್ಸರ್ ಅಥವಾ ಫಿಲ್ಮಿನ ಮೇಲೆ ಬೀಳುವ ಬಿಂಬವು ವಸ್ತುವಿನ ನಿಜಗಾತ್ರಕ್ಕೆ ಸಮನಾಗಿರುವುದನ್ನು ಒಂದಕ್ಕೆ ಒಂದರ ಅನುಪಾತವೆನ್ನುತ್ತಾರೆ. ಮ್ಯಾಕ್ರೊ ಛಾಯಾಗ್ರಹಣದ ರೂಢಿಯ ವ್ಯಾಖ್ಯೆ ಇದೇ. ೩೬ ಮಿಲಿಮೀಟರ್ ಅಗಲ, ೨೪ ಮಿಲಿಮೀಟರ್ ಎತ್ತರದ ಚೌಕಟ್ಟನ್ನು ಅಷ್ಟೇ ಗಾತ್ರದ ಎಲೆಯ ಚೂರು ತುಂಬಿಬಿಡುತ್ತದೆ. ಇದಕ್ಕೆ ದುಬಾರಿ ಲೆನ್ಸೇ ಬೇಕೆಂದಿಲ್ಲ. ಸಾಮಾನ್ಯ ಲೆನ್ಸನ್ನು ತಿರುಗುಮುರುಗಾಗಿ ಜೋಡಿಸಿಯೋ, ಲೆನ್ಸ್ ಮತ್ತು ಕ್ಯಾಮೆರಾಗಳ ನಡುವೆ ಟೊಳ್ಳು ಕೊಳವೆಯನ್ನು ಸೇರಿಸಿಯೋ ಇದನ್ನು ಸಾಧಿಸಬಹುದು. ಕಾಡಿಗೆ ಹೋಗುವ ಖರ್ಚಿಲ್ಲದೆ ಹಿತ್ತಲಿನಲ್ಲೇ ನಡೆಸಬಹುದಾದ ಈ ಹವ್ಯಾಸ ಜನಪ್ರಿಯವಾಗಲು ಇದೂ ಒಂದು ಕಾರಣ.

ಆದರೆ ಹತ್ತಿರ ಹೋದಷ್ಟೂ ಸ್ಪಷ್ಟತೆಯ ಪದರ ತೆಳುವಾಗುತ್ತದೆ. ಒಂದಕ್ಕೆ ಒಂದರ ಅನುಪಾತದಲ್ಲಿ ಅಪರ್ಚರನ್ನು ಎಫ್ ೧೬ರಷ್ಟು ಕಿರಿದುಗೊಳಿಸಿದರೂ ಚಿತ್ರದಲ್ಲಿ ಸ್ಫುಟವಾಗಿ ಮೂಡುವುದು ಸುಮಾರು ಎರಡು ಮಿಲಿಮೀಟರ್ ಆಳ ಮಾತ್ರ. ಎಫ್ ೮ರಲ್ಲಿ ಅದರ ಅರ್ಧ. ಅಪರ್ಚರನ್ನು ಇನ್ನೂ ಕಿರಿದುಮಾಡಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಸುಕಾಗುತ್ತದೆ. ಬೆಳಕಿನ ಕೊರತೆ ಬೇರೆ. ಗಾಳಿಗೆ ಎಲೆಯೊಂದು ಕೂದಲೆಳೆಯಷ್ಟು ಅಲುಗಿದರೂ ಜೀವಿ ಸ್ಪಷ್ಟತೆಯ ಪದರದಿಂದ ಆಚೆ ಸರಿದುಬಿಡುತ್ತದೆ. ಆದ್ದರಿಂದ ಛಾಯಾಗ್ರಾಹಕನು ಕ್ಯಾಮೆರಾದ ಸ್ವಯಂಚಾಲಿತ ವ್ಯವಸ್ಥೆಯನ್ನು ಪಕ್ಕಕ್ಕಿಟ್ಟು, ಉಸಿರು ಬಿಗಿಹಿಡಿದು, ತನ್ನ ಮೈಯನ್ನೇ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತ ಸರಿಯಾದ ಗಳಿಗೆಗಾಗಿ ಕಾಯಬೇಕಾಗುತ್ತದೆ.

ಹೀಗೆ ಉಪಕರಣದ ಮಿತಿ ನೋಡುವವನ ದೇಹಕ್ಕೂ ದಿನಚರಿಗೂ ಒಂದು ಶಿಸ್ತನ್ನು ವಿಧಿಸುತ್ತದೆ. ಕೀಟಗಳು ತಂಪಿನಲ್ಲಿ ಜಡವಾಗಿರುತ್ತವೆ. ಬಿಸಿಲು ಏರಿ ಮೈ ಕಾದ ಮೇಲಷ್ಟೇ ಅವುಗಳಲ್ಲಿ ಹೆಚ್ಚಿನವು ಹಾರಬಲ್ಲವು. ಆದ್ದರಿಂದ ಛಾಯಾಗ್ರಾಹಕ ಸೂರ್ಯೋದಯಕ್ಕೆ ಮೊದಲೇ ಹುಲ್ಲುಗಾವಲನ್ನು ತಲುಪಬೇಕು, ಒದ್ದೆ ನೆಲದ ಮೇಲೆ ಮಂಡಿಯೂರಬೇಕು ಅಥವಾ ಬೋರಲಾಗಿ ಮಲಗಬೇಕು. ಎಲೆಯ ಮೇಲೆ ತನ್ನ ನೆರಳು ಬಿದ್ದರೆ, ಕಾಲು ತಾಗಿ ಗಿಡ ಅಲುಗಿದರೆ ಜೀವಿ ಮರೆಯಾಗುತ್ತದೆ. ಹುಲಿಯ ಚಿತ್ರ ತೆಗೆಯುವವನು ಜೀಪಿನ ಮೇಲೆ ಎತ್ತರದಲ್ಲಿ ಕುಳಿತಿರುತ್ತಾನೆ. ಇರುವೆಯ ಚಿತ್ರ ತೆಗೆಯುವವನು ಇರುವೆಯ ಮಟ್ಟಕ್ಕೆ ಇಳಿಯಲೇಬೇಕು. ಈ ಇಳಿಯುವಿಕೆ ಚಿತ್ರದ ದೃಷ್ಟಿಕೋನದಲ್ಲಿ ಉಳಿದುಕೊಳ್ಳುತ್ತದೆ. ನಿಂತು ಕೆಳಗೆ ನೋಡಿದಾಗ ಜೀರುಂಡೆ ಕಾಲಡಿಯ ಕಪ್ಪು ಚುಕ್ಕೆ. ಅದರ ಕಣ್ಣಿನ ಮಟ್ಟದಿಂದ ನೋಡಿದಾಗ ಅದರ ಹಿಂದೆ ದಿಗಂತವೊಂದು ತೆರೆದುಕೊಳ್ಳುತ್ತದೆ. ಮಸುಕಾದ ಹಸಿರು ಹಿನ್ನೆಲೆಯಿಂದ ಹುಲ್ಲಿನ ಒಂದೇ ಒಂದು ಅಂಚು ಸ್ಪಷ್ಟವಾಗಿ ಎದ್ದುಬರುವುದನ್ನು ಕಂಡಾಗ, ಆ ಲೋಕ ಎಷ್ಟು ಕಿರಿದಾದುದು ಎಂಬುದು ನೋಡುಗನಿಗೆ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಉಪಕರಣದ ದೋಷವೆಂದು ಎಣಿಸಲಾಗುವ ಈ ಮಸುಕೇ ಚಿತ್ರದಲ್ಲಿ ಜೀವಿಯ ಅಳತೆಗೆ ಸಾಕ್ಷಿ. ವಿಮರ್ಶೆ ಈ ಅಂಶವನ್ನು ಮುಖ್ಯವಾಗಿ ಗಮನಿಸಬೇಕು.

೪

ಮ್ಯಾಕ್ರೊ ಚಿತ್ರಗಳಲ್ಲಿ ಅತ್ಯಂತ ಜನಪ್ರಿಯವಾದ ಪ್ರಕಾರ ಮುಖಚಿತ್ರ. ಅದರಲ್ಲಿಯೂ ಜಿಗಿಯುವ ಜೇಡಗಳಿಗೆ ಅಗ್ರಸ್ಥಾನ. ಜಗತ್ತಿನಲ್ಲಿ ೬೦೦೦ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದ ಜೇಡಗಳಿಗೆ ನಾಲ್ಕು ಜೊತೆ ಕಣ್ಣುಗಳು. ಅವುಗಳಲ್ಲಿ ಮುಂದಿನ ನಡುವಿನ ಜೊತೆ ಬಹಳ ದೊಡ್ಡದಾಗಿ, ಮನುಷ್ಯರ ಕಣ್ಣುಗಳಂತೆ ಮುಂದಕ್ಕೆ ನೋಡುತ್ತವೆ. ಈ ಕಣ್ಣಿನ ಮಸೂರ ಅಲುಗುವುದಿಲ್ಲ. ಅದರ ಹಿಂದಿನ ನೀಳ ಕೊಳವೆಯ ತುದಿಯಲ್ಲಿರುವ ಅಕ್ಷಿಪಟಲವನ್ನು ಸ್ನಾಯುಗಳು ಅತ್ತಿತ್ತ ಚಲಿಸುವಂತೆ ಮಾಡುತ್ತವೆ. ಸುತ್ತ ಏನಾದರೂ ಅಲುಗಿದರೆ ಜೇಡ ತನ್ನ ಇಡೀ ಮೈಯನ್ನು ಅತ್ತ ತಿರುಗಿಸಿ ದಿಟ್ಟಿಸುತ್ತದೆ. ಹೀಗಾಗಿ ಲೆನ್ಸು ಸಮೀಪಿಸಿದಾಗ ಇತರ ಕೀಟಗಳು ಓಡಿಹೋದರೆ, ಇದು ಅನೇಕ ಸಲ ತಿರುಗಿ ನಿಂತು ಲೆನ್ಸನ್ನೇ ನೋಡುತ್ತದೆ. ಚಿತ್ರವನ್ನು ನೋಡುವವನಿಗೆ ತಾನು ನೋಡಲ್ಪಡುತ್ತಿದ್ದೇನೆ ಎನ್ನಿಸುತ್ತದೆ.

ಈ ಅನುಭವದ ಮೌಲ್ಯವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ನುಡಿಯಲ್ಲಿ 'ಹುಳುಹುಪ್ಪಟೆ', 'ಕ್ರಿಮಿಕೀಟ', 'ಯಃಕಶ್ಚಿತ್ ಹುಳು' ಎಂಬ ಮಾತುಗಳೆಲ್ಲ ತುಚ್ಛೀಕಾರಕ್ಕೆ ಮೀಸಲಾಗಿವೆ. ಜೇಡ ಕಂಡರೆ ಪೊರಕೆ ಹುಡುಕುವ ಮನೆಯಲ್ಲಿಯೇ ಹುಟ್ಟಿ ಬೆಳೆದವರು ಅದರ ಮುಖವನ್ನು ಗೋಡೆಯ ಮೇಲೆ ತೂಗುಹಾಕಿಕೊಳ್ಳುವಂತಾಗಿದ್ದರೆ ಅದು ಛಾಯಾಗ್ರಹಣದ ಸಾಧನೆಯೇ ಸರಿ. ಹೇಸಿಗೆ ಕರಗಿದಲ್ಲಿ ಕುತೂಹಲಕ್ಕೆ ಜಾಗ ದೊರೆಯುತ್ತದೆ. ಅಂತಹ ಚಿತ್ರಗಳೆದುರು ನಾನೂ ಮೈಮರೆತು ನಿಂತಿದ್ದೇನೆ.

ಆದರೆ ಮುಖಚಿತ್ರಕ್ಕೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಅದು ನಮ್ಮನ್ನು ಹೋಲುವ ಜೀವಿಗಳಿಗೆ ಮಾತ್ರ ಕರುಣೆಯನ್ನು ಹಂಚುತ್ತದೆ. ಎರಡು ದೊಡ್ಡ ಕಣ್ಣುಗಳಿರುವ ಜೇಡಕ್ಕೆ ಸಿಕ್ಕ ಮಮತೆ ಕಣ್ಣೇ ಕಾಣದ ಗೊಣ್ಣೆಹುಳುವಿಗೆ, ಗೆದ್ದಲಿಗೆ, ಮಣ್ಣಿನೊಳಗಿನ ಸಹಸ್ರಪದಿಗೆ ಸಿಗುವುದಿಲ್ಲ. ಎರಡನೆಯದಾಗಿ, ಮುಖಕ್ಕೆ ಹತ್ತಿರವಾದಂತೆಲ್ಲ ಅಳತೆಯ ಸೂಚನೆಗಳು ಮಾಯವಾಗುತ್ತವೆ. ಆಗ ಆ ಜೀವಿಯನ್ನು ಮನುಷ್ಯನಂತೆ ಮುದ್ದಿಸುವುದು ಎಷ್ಟು ಸುಲಭವೋ ರಾಕ್ಷಸನನ್ನಾಗಿ ಕಾಣುವುದೂ ಅಷ್ಟೇ ಸುಲಭ. ಅಮೆರಿಕದ ಸಸ್ಯವಿಜ್ಞಾನಿ ಡೇವಿಡ್ ಫೇರ್‌ಚೈಲ್ಡ್ ತನ್ನ ಪತ್ನಿ ಮೇರಿಯನ್ನಳೊಂದಿಗೆ ೧೯೧೪ರಲ್ಲಿ ಹೊರತಂದ, ಕೀಟಗಳ ಹಿಗ್ಗಿಸಿದ ಛಾಯಾಚಿತ್ರಗಳ ಪುಸ್ತಕದ ಹೆಸರೇ 'ಬುಕ್ ಆಫ್ ಮಾನ್‌ಸ್ಟರ್ಸ್', ಅಂದರೆ ರಾಕ್ಷಸರ ಪುಸ್ತಕ. ಮನೆಯಂಗಳದ ಮಿಡತೆ, ಜೇಡಗಳೇ ಅಲ್ಲಿನ ರಾಕ್ಷಸರು. ಮುದ್ದು ಮತ್ತು ಭಯ ಪರಸ್ಪರ ವಿರುದ್ಧವೆಂದು ತೋರಿದರೂ ಎರಡೂ ಒಂದೇ ಕಾರಣದಿಂದ ಹುಟ್ಟಿದವು: ಜೀವಿಯನ್ನು ಅದರ ಅಳತೆಯಿಂದಲೂ ನೆಲೆಯಿಂದಲೂ ಬೇರ್ಪಡಿಸಿ ನಮ್ಮ ಗಾತ್ರಕ್ಕೆ ಏರಿಸಿದುದು.

೫

ಡಿಜಿಟಲ್ ತಂತ್ರಜ್ಞಾನವು ಈ ಬೇರ್ಪಡಿಸುವಿಕೆಯನ್ನು ಪರಾಕಾಷ್ಠೆಗೆ ಒಯ್ದಿದೆ. ಸ್ಪಷ್ಟತೆಯ ಪದರವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವಾರು ಚಿತ್ರಗಳನ್ನು ತೆಗೆದು, ಅವುಗಳ ಸ್ಫುಟ ಭಾಗಗಳನ್ನು ಮಾತ್ರ ಗಣಕದಲ್ಲಿ ಜೋಡಿಸುವ ವಿಧಾನಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಬ್ರಿಟಿಷ್ ಛಾಯಾಗ್ರಾಹಕ ಲೆವನ್ ಬಿಸ್ ಅವರ 'ಮೈಕ್ರೊಸ್ಕಲ್ಪ್ಚರ್' ಪ್ರದರ್ಶನ ಇದರ ಶ್ರೇಷ್ಠ ಉದಾಹರಣೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ೨೦೧೬ರಲ್ಲಿ ನಡೆದ ಈ ಪ್ರದರ್ಶನದಲ್ಲಿ, ಅಲ್ಲಿನ ಸಂಗ್ರಹದ ಕೀಟಮಾದರಿಗಳ ಚಿತ್ರಗಳನ್ನು ಮೀಟರುಗಟ್ಟಲೆ ಅಗಲಕ್ಕೆ ಮುದ್ರಿಸಿ ತೂಗುಹಾಕಲಾಗಿತ್ತು. ಒಂದೊಂದು ಚಿತ್ರವೂ ಸುಮಾರು ಎಂಟರಿಂದ ಹತ್ತು ಸಾವಿರ ಬಿಡಿಚಿತ್ರಗಳ ಜೋಡಣೆ. ಜೀರುಂಡೆಯ ರೆಕ್ಕೆಯ ಮೇಲಿನ ಕುಳಿ, ಏಣು, ರೋಮಗಳೆಲ್ಲ ಲೋಹದ ಶಿಲ್ಪದಂತೆ ಅಲ್ಲಿ ಹೊಳೆಯುತ್ತವೆ. ಇದು ಹುಕ್‌ನ ಮಾರ್ಗದ ಮುಂದುವರಿಕೆ. ತಾನು ತೋರಿಸುತ್ತಿರುವುದು ಸಂಗ್ರಹಾಲಯದ ನಿರ್ಜೀವ ಮಾದರಿ ಎಂಬುದನ್ನು ಆ ಕೃತಿ ಮುಚ್ಚಿಡುವುದಿಲ್ಲವಾದ್ದರಿಂದ ಅದರ ಪ್ರಾಮಾಣಿಕತೆಯನ್ನು ಪ್ರಶ್ನಿಸುವಂತಿಲ್ಲ.

ಸಮಸ್ಯೆ ಇರುವುದು ಈ ಸೌಂದರ್ಯಪ್ರಜ್ಞೆಯೇ ಬಯಲಿನ ಚಿತ್ರಗಳಿಗೂ ಮಾನದಂಡವಾದಾಗ. ಕಪ್ಪು ಹಿನ್ನೆಲೆ, ಕೂದಲು ಕೂದಲೂ ಎಣಿಸಬಹುದಾದ ಸ್ಪಷ್ಟತೆ, ಚೌಕಟ್ಟಿನ ತುಂಬ ಮುಖ ಇವೇ ಶ್ರೇಷ್ಠತೆಯ ಲಕ್ಷಣಗಳೆಂದು ಒಪ್ಪಿಕೊಂಡರೆ, ಅಲುಗುವ ಜೀವಿ ಅಡ್ಡಿಯಾಗಿ ಕಾಣತೊಡಗುತ್ತದೆ. ಅಲುಗದಂತೆ ಮಾಡಲು ಕೀಟವನ್ನು ಶೀತಕ ಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವ, ಕೆಲವೊಮ್ಮೆ ಕೊಂದೇ ಬಿಡುವ ಅಭ್ಯಾಸಗಳು ಹೀಗೆ ಹುಟ್ಟಿಕೊಂಡಿವೆ. ಎಲೆಯನ್ನು ಕೊಡೆಯಂತೆ ಹಿಡಿದ ಕಪ್ಪೆಯಂತಹ ಚಿತ್ರಗಳು ಕಳೆದ ದಶಕದಲ್ಲಿ ಜಗತ್ತಿನೆಲ್ಲೆಡೆ ಹರಿದಾಡಿದಾಗ, ಜೀವಿಗಳನ್ನು ಹಿಂಸಿಸಿ ಆ ಭಂಗಿಗಳಲ್ಲಿ ನಿಲ್ಲಿಸಲಾಗಿದೆ ಎಂಬ ಆಕ್ಷೇಪಣೆಗಳು ಪ್ರಕೃತಿ ಛಾಯಾಗ್ರಾಹಕರಿಂದಲೇ ಕೇಳಿಬಂದವು. ಹುಕ್‌ನ ಇರುವೆ ಮತ್ತಿಳಿದ ಮೇಲೆ ಎದ್ದು ಓಡಿತು. ಈ ಚಿತ್ರಗಳ ಜೀವಿಗಳಿಗೆ ಮುಂದೇನಾಯಿತೆಂದು ಚಿತ್ರ ಹೇಳುವುದಿಲ್ಲ.

ಛಾಯಾಗ್ರಹಣದ ಸಂಸ್ಥೆಗಳು ಈ ಸಮಸ್ಯೆಯನ್ನು ನಿಯಮಗಳ ಮೂಲಕ ಎದುರಿಸಲು ಯತ್ನಿಸಿವೆ. ಪಿ.ಎಸ್.ಎ., ಎಫ್.ಐ.ಎ.ಪಿ. ಮತ್ತು ಆರ್.ಪಿ.ಎಸ್. ಸಂಸ್ಥೆಗಳು ೨೦೧೪ರಲ್ಲಿ ಪ್ರಕೃತಿ ಛಾಯಾಗ್ರಹಣಕ್ಕೆ ಒಪ್ಪಿಕೊಂಡ ಸಮಾನ ವ್ಯಾಖ್ಯೆಯು ಚಿತ್ರದೊಳಗಿನ ಅಂಶಗಳನ್ನು ಸೇರಿಸುವುದನ್ನೂ ತೆಗೆದುಹಾಕುವುದನ್ನೂ ನಿಷೇಧಿಸುತ್ತದೆ. ಫೋಕಸ್ ಸ್ಟ್ಯಾಕಿಂಗನ್ನು ಒಪ್ಪುತ್ತದೆ. ಇದು ವಿವೇಕದ ನಿಲುವು. ತಂತ್ರ ತನ್ನಷ್ಟಕ್ಕೆ ದೋಷವಲ್ಲ. ಬೆಳಗಿನ ಚಳಿಯಲ್ಲಿ ತಾನಾಗಿಯೇ ನಿಶ್ಚಲವಾಗಿರುವ ಪತಂಗವೊಂದರ ಹತ್ತು ಚಿತ್ರಗಳನ್ನು ಜೋಡಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಚಿತ್ರ ಸುಳ್ಳಲ್ಲ ಎಂದು ನಿಯಮ ಹೇಳಬಲ್ಲದೇ ಹೊರತು, ಅದು ಜೀವಿಯನ್ನು ಅರ್ಥಮಾಡಿಸುತ್ತದೆಯೇ ಎಂಬುದನ್ನು ನಿರ್ಣಯಿಸಲಾರದು. ಆ ಹೊಣೆ ವಿಮರ್ಶೆಯದು.

೬

ನೆಲೆಯಿಲ್ಲದೆ ಅರ್ಥವಿಲ್ಲ ಎಂಬ ಮಾತಿಗೆ ನಮ್ಮ ಮಾವಿನ ಮರಗಳಲ್ಲಿಯೇ ಉತ್ತಮ ನಿದರ್ಶನವಿದೆ. ಎಲೆಗಳನ್ನು ರೇಷ್ಮೆಯಂತಹ ಎಳೆಗಳಿಂದ ಹೊಲಿದು ಗೂಡು ಕಟ್ಟುವ ಕೆಂಪು ಇರುವೆಯನ್ನು ಮಲೆನಾಡಿನವರು ಚಗಳಿ ಎಂದು ಕರೆಯುತ್ತಾರೆ. ಅದರ ಚಟ್ನಿಯ ರುಚಿಯನ್ನೂ ಕಡಿತದ ಉರಿಯನ್ನೂ ಬಲ್ಲರು. ಈ ಇರುವೆಗಳ ಆಸುಪಾಸಿನಲ್ಲಿಯೇ, ಅವುಗಳಿಗೆ ಸಿಕ್ಕಿಬೀಳದಂತೆ, ಒಂದು ಜಾತಿಯ ಜಿಗಿಯುವ ಜೇಡ ಬದುಕುತ್ತದೆ. ಬಣ್ಣದಲ್ಲಿಯೂ ಮೈಕಟ್ಟಿನಲ್ಲಿಯೂ ಅದು ಇರುವೆಯದೇ ಪ್ರತಿರೂಪ. ಇರುವೆಗೆ ಆರು ಕಾಲು, ಜೇಡಕ್ಕೆ ಎಂಟು. ಈ ಜೇಡ ತನ್ನ ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಇರುವೆಯ ಮೀಸೆಗಳಂತೆ ಆಡಿಸುತ್ತದೆ. ತಲೆಯ ಇಕ್ಕೆಲಗಳಲ್ಲಿರುವ ಕಪ್ಪು ಮಚ್ಚೆಗಳು ಇರುವೆಯ ಕಣ್ಣುಗಳನ್ನು ಹೋಲುತ್ತವೆ. ಚಗಳಿಯ ಕಡಿತಕ್ಕೆ ಹೆದರಿ ಹಕ್ಕಿ, ಕೀಟಗಳು ದೂರವಿರುವುದರಿಂದ ಈ ವೇಷ ಜೇಡಕ್ಕೆ ರಕ್ಷೆ. ಅಪಾಯ ಎದುರಾದಾಗ ಮಾತ್ರ ಅದು ನೂಲೊಂದನ್ನು ಇಳಿಬಿಟ್ಟು ಜೋತಾಡಿ ತನ್ನ ನಿಜವನ್ನು ಬಯಲುಮಾಡುತ್ತದೆ.

ಈ ಜೇಡದ ಎರಡು ಚಿತ್ರಗಳನ್ನು ಊಹಿಸಿಕೊಳ್ಳೋಣ. ಒಂದರಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಅದರ ಮುಖ ಮಾತ್ರ ಇದೆ. ಅದೊಂದು ವಿಚಿತ್ರ ಜೇಡ, ಅಷ್ಟೆ. ಇನ್ನೊಂದರಲ್ಲಿ ಅದು ಮಾವಿನೆಲೆಯ ಅಂಚಿನಲ್ಲಿದೆ. ಹಿಂದೆ ಕೊಂಚ ಮಸುಕಾಗಿ ಹೊಲಿದ ಗೂಡು, ಅದರ ಮೇಲೆ ಓಡಾಡುವ ನಿಜವಾದ ಚಗಳಿಗಳು. ಎರಡನೆಯ ಚಿತ್ರದ ಮುಂದೆ ನೋಡುಗ ಮೊದಲು ಮೋಸಹೋಗುತ್ತಾನೆ, ಅನಂತರ ಅನುಮಾನಿಸುತ್ತಾನೆ, ಕಾಲುಗಳನ್ನು ಎಣಿಸುತ್ತಾನೆ. ಹಕ್ಕಿಯನ್ನು ವಂಚಿಸುವ ವೇಷ ಕ್ಷಣಕಾಲ ಅವನನ್ನೂ ವಂಚಿಸುತ್ತದೆ. ಅನುಕರಣೆ ಎಂಬ ಜೀವವಿಜ್ಞಾನದ ಸಂಗತಿ ಇಲ್ಲಿ ಅನುಭವವಾಗಿ ಪರಿಣಮಿಸುತ್ತದೆ. ಮಸೂರದ ಸಹಾಯವಿಲ್ಲದೆ ಕಾಲೆಣಿಸಲಾಗದು. ನೆಲೆ ಕಾಣದಿದ್ದರೆ ಎಣಿಸಬೇಕೆಂದೇ ತೋರದು. ಹುಕ್ ಮತ್ತು ಮೇರಿಯಾನರ ಮಾರ್ಗಗಳು ಒಂದಾಗುವ ಬಗೆ ಇದು.

ಕಿರಿದನ್ನು ಅದರ ಅಳತೆಯಲ್ಲಿಯೇ ಕಾಣುವ ಕ್ರಮ ನಮ್ಮ ಕಲೆಗೆ ಅಪರಿಚಿತವಲ್ಲ. ೧೧೧೭ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೈಕಿ ಒಂದು ಶಿಲ್ಪದಲ್ಲಿ, ತಲೆಯ ಮೇಲಿನ ಬಳ್ಳಿಮಾಡದ ಹಣ್ಣಿನ ಮೇಲೆ ನೊಣವೊಂದು ಕುಳಿತಿದೆ. ಅದನ್ನು ಹಿಡಿಯಲು ಹಲ್ಲಿಯೊಂದು ಹೊಂಚುಹಾಕಿದೆ. ಶಿಲ್ಪಿ ನೊಣವನ್ನು ಹಿಗ್ಗಿಸಿಲ್ಲ. ಮಾರ್ಗದರ್ಶಿ ಬೆರಳು ಮಾಡಿ ತೋರಿಸಿದ ಮೇಲೂ ಕಣ್ಣು ಅದನ್ನು ಹುಡುಕಿಕೊಳ್ಳಬೇಕು. ಕಂಡುಹಿಡಿದ ಸಂತೋಷ ನೋಡುಗನ ಪಾಲಿಗೆ ಉಳಿಯಲೆಂದೇ ಅದನ್ನು ಅಷ್ಟು ಕಿರಿದಾಗಿ ಕಡೆದಂತಿದೆ. ಕಾವ್ಯಗಳ ಮಳೆಗಾಲದ ವರ್ಣನೆಗಳಲ್ಲಿ ಬರುವ ಇಂದ್ರಗೋಪವೂ ಹಾಗೆಯೇ. ಮೊದಲ ಮಳೆಗೆ ನೆಲದಿಂದ ಮೇಲೆದ್ದು ಬರುವ ಆ ಕೆಂಪು ಜೀವಿಯನ್ನು ಕವಿಗಳು ಕಂಡದ್ದು ಹಸಿರು ನೆಲದ ಮೇಲಿನ ಕೆಂಪಾಗಿ, ಋತುವಿನ ಗುರುತಾಗಿ. ಇಂದಿನ ಲೆನ್ಸು ಅದೇ ಜೀವಿಯ ಮಖಮಲ್ಲಿನಂತಹ ರೋಮಗಳನ್ನು ತೋರಿಸುತ್ತದೆ. ಇದು ಹೊಸ ಗಳಿಕೆ. ಆದರೆ ರೋಮ ಕಂಡಾಗ ಮಳೆ ಮರೆಯಾದರೆ ನಷ್ಟವೂ ಅಷ್ಟೇ ದೊಡ್ಡದು.

ಕೃಷಿಕನ ನೋಟವನ್ನೂ ಇಲ್ಲಿ ನೆನೆಯಬೇಕು. ಎಲೆಯನ್ನು ಮಗುಚಿ ಅದರ ತಳಭಾಗವನ್ನು ಪರಿಶೀಲಿಸುವ ಅಭ್ಯಾಸ ಛಾಯಾಗ್ರಾಹಕನಿಗಿಂತ ಮೊದಲು ರೈತನದು. ಕಾಂಡಕೊರಕ, ಜಿಗಿಹುಳು, ಸಸ್ಯಹೇನು, ಬಿಳಿನೊಣ, ಕೊಡತಿಹುಳು ಎಂಬ ಹೆಸರುಗಳು ಕೀಟವನ್ನು ಅದರ ಕೆಲಸದಿಂದಲೂ ಅದಿರುವ ತಾಣದಿಂದಲೂ ಗುರುತಿಸಿದ ಸಮುದಾಯದ ತಿಳಿವಳಿಕೆ. ತೇಜಸ್ವಿಯವರ 'ಕರ್ವಾಲೊ' (೧೯೮೦) ಕಾದಂಬರಿಯ ಮಂದಣ್ಣ ಈ ತಿಳಿವಳಿಕೆಯ ಪ್ರತಿನಿಧಿ. ಜೇನು ಹಿಡಿಯುವ, ಊರವರ ಕಣ್ಣಿಗೆ ನಿಷ್ಪ್ರಯೋಜಕನಾದ ಆತನ ಕಣ್ಣಿನ ಬೆಲೆಯನ್ನು ವಿಜ್ಞಾನಿ ಕರ್ವಾಲೊ ಗುರುತಿಸುತ್ತಾರೆ. ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ಪ್ರಭಾಕರನೆಂ ಛಾಯಾಗ್ರಾಹಕನೂ ಇದ್ದಾನೆ ಎಂಬುದು ನಮ್ಮ ಚರ್ಚೆಯ ದೃಷ್ಟಿಯಿಂದ ಗಮನಾರ್ಹ. ಓತಿ ಕೊನೆಗೂ ಅವರ ಕೈಗೆ ದಕ್ಕದೆ ಕಣಿವೆಯತ್ತ ತೇಲಿಹೋಗುತ್ತದೆ. ಕ್ಯಾಮೆರಾಕ್ಕಿಂತ ಮೊದಲು ಮಂದಣ್ಣನ ಕಣ್ಣು ಬೇಕು. ಎಲ್ಲ ಸಲಕರಣೆಗಳಿದ್ದರೂ ಜೀವಿಗೆ ತಪ್ಪಿಸಿಕೊಳ್ಳುವ ಅವಕಾಶ ಇರುತ್ತದೆ. ಬಯಲಿನ ಛಾಯಾಗ್ರಹಣದ ನೀತಿಯನ್ನು ಈ ಕಾದಂಬರಿಯಿಂದ ಕಲಿಯಬಹುದು.

೭

ಈ ವಿಚಾರ ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಮಲೇಷ್ಯಾದ ಕಾಡಿನಲ್ಲಿ ಹವ್ಯಾಸಿಯೊಬ್ಬರು ತೆಗೆದ ಲೇಸ್‌ವಿಂಗ್ ಎಂಬ ಹಸಿರು ಕೀಟದ ಚಿತ್ರವನ್ನು ಕಂಡ ಕೀಟವಿಜ್ಞಾನಿಗೆ ಅದರ ರೆಕ್ಕೆಯ ಗುರುತುಗಳು ಅಪರಿಚಿತವೆನ್ನಿಸಿದವು. ಛಾಯಾಗ್ರಾಹಕ ಮತ್ತೆ ಅದೇ ತಾಣಕ್ಕೆ ಹೋಗಿ ಮಾದರಿಯನ್ನು ತಂದುಕೊಟ್ಟರು. ೨೦೧೨ರಲ್ಲಿ ಅದು 'ಸೆಮಾಕ್ರೈಸಾ ಜೇಡ್' ಎಂಬ ಹೊಸ ಪ್ರಭೇದವಾಗಿ ವಿಜ್ಞಾನಲೋಕಕ್ಕೆ ಪರಿಚಿತವಾಯಿತು. ಇದು ಸಾಧ್ಯವಾದದ್ದು ಛಾಯಾಗ್ರಾಹಕನಿಗೆ ಆ ಜೀವಿಯ ತಾಣ ತಿಳಿದಿದ್ದುದರಿಂದ. ಭಾರತದಲ್ಲಿಯೂ ೨೦೦೮ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂತಹ ವೇದಿಕೆಗಳು ಹವ್ಯಾಸಿಗಳ ಚಿತ್ರಗಳನ್ನು ದಿನಾಂಕ ಹಾಗೂ ಸ್ಥಳದ ವಿವರಗಳೊಂದಿಗೆ ದಾಖಲಿಸಿಕೊಳ್ಳುತ್ತಿವೆ.

ಇದೇ ಅವಧಿಯಲ್ಲಿ ಕಳವಳದ ಸುದ್ದಿಯೂ ಬಂದಿದೆ. ಜರ್ಮನಿಯ ೬೩ ಸಂರಕ್ಷಿತ ಪ್ರದೇಶಗಳಲ್ಲಿ ಬಲೆಗೆ ಬಿದ್ದ ಹಾರುವ ಕೀಟಗಳ ಒಟ್ಟು ತೂಕವು ೨೭ ವರ್ಷಗಳಲ್ಲಿ ಶೇಕಡಾ ೭೫ಕ್ಕೂ ಹೆಚ್ಚು ಕುಸಿದಿದೆ ಎಂಬ ಅಧ್ಯಯನ ೨೦೧೭ರಲ್ಲಿ ಪ್ರಕಟವಾಯಿತು. ಅಂದರೆ ಕಿರುಜೀವಿಗಳ ಚಿತ್ರಗಳು ಹಿಂದೆಂದಿಗಿಂತ ಹೆಚ್ಚಾಗಿ ನಮ್ಮ ಕಣ್ಣಮುಂದೆ ಹರಿಯುತ್ತಿರುವ ಕಾಲದಲ್ಲಿಯೇ, ಕನಿಷ್ಠ ಅಲ್ಲಿನ ಹೊಲಗಾಡುಗಳಲ್ಲಿ, ಆ ಜೀವಿಗಳು ವಿರಳವಾಗುತ್ತಿವೆ. ಚಿತ್ರದಲ್ಲಿ ನೆಲೆ ಕಾಣಿಸದಿದ್ದರೆ ನೆಲೆಯ ನಾಶವೂ ಕಾಣಿಸುವುದಿಲ್ಲ. ಕಪ್ಪು ಹಿನ್ನೆಲೆಯ ಮುಂದಿನ ಸುಂದರ ಮುಖ, ಆ ಜೀವಿ ಬದುಕಿದ ಹುಲ್ಲುಗಾವಲು ಬಡಾವಣೆಯಾದ ಮೇಲೂ ಅಷ್ಟೇ ಸುಂದರವಾಗಿರುತ್ತದೆ.

ಈ ಹಿನ್ನೆಲೆಯಲ್ಲಿ ಮ್ಯಾಕ್ರೊ ಛಾಯಾಚಿತ್ರದ ವಿಮರ್ಶೆಗೆ ಮೂರು ಪ್ರಶ್ನೆಗಳನ್ನು ಸೂಚಿಸಬಹುದು. ಹಿಗ್ಗಿದ ಮೇಲೂ ಜೀವಿ ಕಿರಿದೆಂಬುದು ಚಿತ್ರದಿಂದ ತಿಳಿಯುತ್ತದೆಯೇ? ಅದು ಎಲ್ಲಿ, ಯಾವುದರೊಡನೆ ಬದುಕುತ್ತದೆ ಎಂಬುದರ ಸುಳಿವಿದೆಯೇ? ಚಿತ್ರ ತೆಗೆದ ಮೇಲೆ ಅದು ತನ್ನ ಪಾಡಿಗೆ ತಾನು ಹೋಗಿರಬಹುದೆಂದು ನಂಬಬಹುದೇ? ಎಲ್ಲ ಚಿತ್ರಗಳೂ ಮೂರಕ್ಕೂ ಉತ್ತರಿಸಬೇಕೆಂಬ ಕಟ್ಟುಪಾಡೇನಿಲ್ಲ. ಒಂದು ಮುಖಚಿತ್ರದಲ್ಲಿ ಎಲೆಯ ಒಂದು ನರ ಕಂಡರೂ ಮೊದಲೆರಡಕ್ಕೆ ಉತ್ತರ ದೊರೆಯಬಹುದು. ಪ್ರದರ್ಶನಗಳನ್ನು ಏರ್ಪಡಿಸುವವರು ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರಿನೊಂದಿಗೆ ಜೀವಿಯ ನಿಜವಾದ ಉದ್ದ, ಅದು ಕಂಡ ಗಿಡ, ಊರು, ತಿಂಗಳು, ಹಾಗೂ ರೂಢಿಯಲ್ಲಿದ್ದರೆ ಅದರ ಕನ್ನಡ ಹೆಸರನ್ನೂ ನಮೂದಿಸುವ ಪದ್ಧತಿಯನ್ನು ಆರಂಭಿಸುವುದು ಕಷ್ಟವಲ್ಲ. ಅಂತಹ ಪ್ರದರ್ಶನವನ್ನು ನೋಡಿಬಂದವನು ಮನೆಯ ಮುಂದಿನ ಮಾವಿನ ಮರದ ಬಳಿ ಒಂದು ಗಳಿಗೆ ನಿಂತು, ಓಡುತ್ತಿರುವ ಕೆಂಪು ಇರುವೆಗಳ ಕಾಲುಗಳನ್ನು ಎಣಿಸಲು ಬಾಗಿದರೆ, ಆ ಚಿತ್ರಗಳು ತಮ್ಮ ಕೆಲಸವನ್ನು ಮಾಡಿವೆ ಎಂದೇ ಅರ್ಥ.